ಕೈ ಹೊರಕ್ಕೆ ತಿರುಗದಿದ್ದರೆ ಮೊದಲು ಕೀಲು ಎಲ್ಲಿದೆ ಎಂದು ನೋಡಿಸಿ
ಬೈಕ್ ಅಪಘಾತದಲ್ಲಿ ತೋಳಿನ ಮೂಳೆಯ ಮೇಲ್ತುದಿ ಮುರಿದಿದೆ, ವಾರಗಳು ಕಳೆದರೂ ಕೈ ಹೊರಕ್ಕೆ ತಿರುಗುತ್ತಿಲ್ಲ, ಶಸ್ತ್ರಚಿಕಿತ್ಸೆ ಬೇಕೋ ಫಿಸಿಯೋಥೆರಪಿ ಸಾಕೋ ಎಂದು ಕೇಳಿದ್ದೀರಿ. ನನಗೂ ಹೀಗೆಯೇ ಆಗಿತ್ತು. ಲಾರಿ ಡಿಕ್ಕಿ ಹೊಡೆದಾಗ ನಾನು ಹ್ಯಾಂಡಲ್ ಹಿಡಿದ ಕೈ ಬಿಡದೆಯೇ ಮುಂದಕ್ಕೆ ಬಿದ್ದೆ. ಆ ರಭಸಕ್ಕೆ ತೋಳುಮೂಳೆಯ ಗುಂಡು, ಅಂದರೆ ಅದರ ದುಂಡಗಿನ ಮೇಲ್ತುದಿ, ಭುಜದ ಕೀಲಿನ ಗೂಡಿನಿಂದ ಹಿಂದಕ್ಕೆ ಜಾರಿತು, ಅದರ ಕೆಳಗೆ ಮೂಳೆಯೂ ಮುರಿಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಎದುರಿನಿಂದ ಮಾತ್ರ ಎಕ್ಸ್‌ರೇ ತೆಗೆದು, ಮುರಿತವನ್ನಷ್ಟೇ ಗುರುತಿಸಿ, ಕೈಗೆ ಜೋಲಿ ಕಟ್ಟಿ ಕಳುಹಿಸಿದರು.

ನನ್ನ ಭುಜ ಕೆಟ್ಟದ್ದು ಈ ಒಂದು ಲೋಪದಿಂದ. ಭುಜದ ಕೀಲು ಸಾಮಾನ್ಯವಾಗಿ ಮುಂದಕ್ಕೆ ಜಾರುತ್ತದೆ. ಹಿಂದಕ್ಕೆ ಜಾರುವುದು ಭುಜ ಜಾರಿದ ನೂರು ಮಂದಿಯಲ್ಲಿ 2ರಿಂದ 4 ಮಂದಿಗೆ ಮಾತ್ರ, ಅದೂ ಹೆಚ್ಚಾಗಿ ಭಾರೀ ಅಪಘಾತ, ಮೂರ್ಛೆಯ ಸೆಳೆತ ಅಥವಾ ವಿದ್ಯುತ್ ಆಘಾತದಿಂದ. ಹಿಂದೆ ಸರಿದ ಗುಂಡು ಎದುರಿನ ಚಿತ್ರದಲ್ಲಿ ಗೂಡಿನಲ್ಲಿಯೇ ಇರುವಂತೆ ತೋರುತ್ತದೆ. ಅದು ಒಳಕ್ಕೆ ತಿರುಗಿ ಬಲ್ಬಿನಂತೆ ದುಂಡಗೆ ಕಾಣುವುದು ಒಂದು ಸುಳಿವು, ಆದರೆ ಆ ಸುಳಿವು ಸುಲಭವಾಗಿ ಕಣ್ತಪ್ಪುತ್ತದೆ. ಕಂಕುಳಿನ ಕಡೆಯಿಂದ ಇನ್ನೊಂದು ಎಕ್ಸ್‌ರೇ ತೆಗೆದರೆ ಅಥವಾ ಸಿ.ಟಿ. ಸ್ಕ್ಯಾನ್ ಮಾಡಿದರೆ ಗುಂಡು ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಕೈ ಹೊರಕ್ಕೆ ತಿರುಗದಿರುವುದೇ ಈ ಗಾಯದ ಮುಖ್ಯ ಲಕ್ಷಣ. ನನಗೆ ಅದು ನೋವಿನಿಂದ ಬಂದ ಬಿಗಿತ ಎಂದು ಹೇಳಿ ವ್ಯಾಯಾಮ ಮಾಡಿಸಿದರು. ಗೂಡಿನ ಅಂಚಿಗೆ ಸಿಕ್ಕಿಕೊಂಡಿದ್ದ ಗುಂಡಿನಲ್ಲಿ ಅಷ್ಟರಲ್ಲಿ ಆಳವಾದ ತಗ್ಗು ಬಿದ್ದಿತ್ತು. ಕೊನೆಗೆ ಭುಜ ತೆರೆದು, ಗುಂಡನ್ನು ಗೂಡಿಗೆ ಸೇರಿಸಿ, ಮುಂಭಾಗದ ಸ್ನಾಯುವಿನ ತುದಿಯನ್ನು ಆ ತಗ್ಗಿಗೆ ಜೋಡಿಸಿ, ಮುರಿತಕ್ಕೆ ಪ್ಲೇಟ್ ಹಾಕಬೇಕಾಯಿತು. ಇಂದಿಗೂ ಆ ಕೈಯಿಂದ ತಲೆಯ ಹಿಂಭಾಗ ಮುಟ್ಟಲು ನನಗಾಗುವುದಿಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗುಂಡು ಗೂಡಿನಲ್ಲಿ ಇದೆಯೇ ಎಂಬುದು ಖಚಿತವಾಗುವ ಮೊದಲು ಫಿಸಿಯೋಥೆರಪಿಯ ಮಾತಾಗಲಿ ಶಸ್ತ್ರಚಿಕಿತ್ಸೆಯ ಮಾತಾಗಲಿ ಬರಬಾರದು. ಕೈ ಎಳೆದು ಕೀಲು ಕೂರಿಸುತ್ತೇನೆ ಎನ್ನುವವರ ಬಳಿ ದಯವಿಟ್ಟು ಹೋಗಬೇಡಿ. ಮೂಳೆ ಬಿರುಕು ಬಿಟ್ಟಿರುವ ಭುಜವನ್ನು ಬಲವಂತವಾಗಿ ಎಳೆದರೆ ಗುಂಡು ಪೂರ್ತಿ ಬೇರ್ಪಡಬಹುದು, ಅದಕ್ಕೆ ರಕ್ತ ಪೂರೈಕೆ ಕಡಿದುಹೋದರೆ ಆ ಮೂಳೆಯೇ ಸಾಯುತ್ತದೆ. ತೋಳಿನ ಹೊರಮೈ ಜೋಮು ಹಿಡಿದಂತಿದ್ದರೆ ಅಥವಾ ತೋಳನ್ನು ಪಕ್ಕಕ್ಕೆ ಎತ್ತಲು ಬಲವೇ ಇಲ್ಲದಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ಹೇಳಿ, ಏಕೆಂದರೆ ಕಂಕುಳಿನ ನರಕ್ಕೂ ಪೆಟ್ಟಾಗಿರಬಹುದು. ಸ್ಕ್ಯಾನ್ ಆಗುವವರೆಗೆ ವ್ಯಾಯಾಮ ನಿಲ್ಲಿಸಿ, ಈ ವಾರವೇ ಭುಜದ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಮೂಳೆ ವೈದ್ಯರೊಬ್ಬರಿಗೆ ತೋರಿಸಿ.