ಹಳೇ 1080 ಟಿಐ ತಗೊಳ್ಳೋದೋ, ಹೊಸ 4060 ತಗೊಳ್ಳೋದೋ?

ನಿಮ್ಮ ಪ್ರಶ್ನೆ ಇಷ್ಟು: ವಿಜಯಪುರದ ಮನೆಯಲ್ಲಿ ಐ5-8400 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಇದೆ. ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1080 ಟಿಐ ಸಿಗುತ್ತಿದೆ, ಅಂಗಡಿಯವರು ಹೊಸ ಆರ್‌ಟಿಎಕ್ಸ್ 4060 ಹಾಕಿಸಿ ಅನ್ನುತ್ತಿದ್ದಾರೆ. ಹಳೆಯದರಲ್ಲಿ 11 ಜಿಬಿ ಮೆಮೊರಿ, 3584 ಕೋರ್. ಹೊಸದರಲ್ಲಿ 8 ಜಿಬಿ, 3072 ಕೋರ್. ಕಡಿಮೆ ಇರುವುದು ಹೆಚ್ಚು ಓಡುವುದು ಹೇಗೆ?

ಮೊದಲು ಉತ್ತರ: 4060 ತಗೊಳ್ಳಿ. 1080ಪಿ (ಫುಲ್ ಎಚ್‌ಡಿ) ಮಾನಿಟರ್‌ನಲ್ಲಿ ಬಹಳಷ್ಟು ಗೇಮ್‌ಗಳಲ್ಲಿ ಎರಡೂ ಹತ್ತಿರ ಹತ್ತಿರವೇ ಓಡುತ್ತವೆ, 4060 ಸ್ವಲ್ಪ ಮುಂದಿರುತ್ತದೆ. ಆದರೆ ನಾನು ಅದನ್ನು ಹೇಳುತ್ತಿರುವುದು ಆ ನಾಲ್ಕು ಫ್ರೇಮ್‌ಗಾಗಿ ಅಲ್ಲ, ನಿಮ್ಮೂರಿನ ಬಿಸಿಲಿಗಾಗಿ ಮತ್ತು ಕಾರ್ಡ್ ಓಡಿಸುವ ಸಾಫ್ಟ್‌ವೇರ್ ಆದ ಡ್ರೈವರ್‌ಗಾಗಿ.

ಡಬ್ಬಿಯ ಮೇಲಿನ ಸಂಖ್ಯೆಗಳನ್ನು ಒಂದೇ ತಲೆಮಾರಿನ ಕಾರ್ಡ್‌ಗಳ ನಡುವೆ ಮಾತ್ರ ಹೋಲಿಸಬೇಕು. 1080 ಟಿಐ ಬಂದದ್ದು 2017ರ ಮಾರ್ಚ್‌ನಲ್ಲಿ, 4060 ಬಂದದ್ದು 2023ರ ಜೂನ್‌ನಲ್ಲಿ. ಕೋರ್ ಕಡಿಮೆಯಿದ್ದರೂ ಹೊಸದರ ಬೂಸ್ಟ್ ಕ್ಲಾಕ್ (ಕೋರ್ ಓಡುವ ವೇಗ) 2460 ಮೆಗಾಹರ್ಟ್ಸ್, ಹಳೆಯದರದ್ದು ಕಂಪನಿ ಲೆಕ್ಕದಲ್ಲಿ 1582. ಹೀಗಾಗಿ ಕಾಗದದ ಮೇಲೆ 15 ಟೆರಾಫ್ಲಾಪ್ಸ್ (ಸೆಕೆಂಡಿಗೆ ಲಕ್ಷ ಕೋಟಿ ದಶಮಾಂಶದ ಲೆಕ್ಕ) ಎದುರು 11.3. ಇದನ್ನು ನೋಡಿ ಮೂರನೇ ಒಂದು ಭಾಗ ಹೆಚ್ಚು ವೇಗ ಅಂದುಕೊಂಡರೂ ತಪ್ಪೇ. 2020ರ 30 ಸರಣಿಯಲ್ಲೂ 4060 ಸೇರಿದ 40 ಸರಣಿಯಲ್ಲೂ ಎನ್‌ವಿಡಿಯಾ ಎಣಿಸುವ ಕೋರ್‌ಗಳಲ್ಲಿ ಅರ್ಧದಷ್ಟು, ಪೂರ್ಣಾಂಕದ ಲೆಕ್ಕ ಬಂದಾಗ ಆ ಕೆಲಸಕ್ಕೆ ಹೋಗಿಬಿಡುತ್ತವೆ. ಗೇಮ್‌ನಲ್ಲಿ ಅಂಥ ಲೆಕ್ಕ ಬರುತ್ತಲೇ ಇರುತ್ತದೆ, ಆದ್ದರಿಂದ 15 ಪೂರ್ತಿ ಕೈಗೆ ಸಿಗುವುದಿಲ್ಲ.

ಮೆಮೊರಿಯದ್ದೂ ಅದೇ ಕಥೆ. 1080 ಟಿಐನ ದಾರಿ 352 ಬಿಟ್ ಅಗಲ, ಸೆಕೆಂಡಿಗೆ 484 ಜಿಬಿ ಸಾಗುತ್ತದೆ. 4060ರದ್ದು 128 ಬಿಟ್, 272 ಜಿಬಿ. ಆದರೆ ಚಿಪ್‌ನೊಳಗಿನ ಎಲ್2 ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿ ಹಳೆಯದರಲ್ಲಿ 3 ಎಂಬಿಯೂ ಇಲ್ಲ, ಹೊಸದರಲ್ಲಿ 24 ಎಂಬಿ. ಬೇಕಾದ ಡೇಟಾ ಒಳಗೇ ಸಿಕ್ಕರೆ ಹೊರಗಿನ ದಾರಿ ಕಿರಿದಾದರೂ ನಡೆಯುತ್ತದೆ. ರೆಸಲ್ಯೂಶನ್ ಏರಿದಂತೆ ಕ್ಯಾಶ್ ಸಾಲದಾಗುತ್ತದೆ, 1440ಪಿ, 4ಕೆ ಕಡೆ ಹೋದಂತೆ ಹಳೆಯದು ಹಿಂದೆಯೇ ಬಂದು ಹಿಡಿಯುತ್ತದೆ.

4060 ಎಡವುವ ಒಂದು ಜಾಗ ನಿಮ್ಮ ಪಿಸಿಯಲ್ಲೇ ಇದೆ. ಆ ಕಾರ್ಡ್ ಉದ್ದದ ಸ್ಲಾಟ್‌ನಲ್ಲಿ ಕೂತರೂ ಬಳಸುವುದು 8 ಲೇನ್ (ಡೇಟಾ ಸಾಗುವ ಸಾಲು) ಮಾತ್ರ, ಐ5-8400 ಕೊಡುವುದು ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿಯ ಹಳೇ ಆವೃತ್ತಿ, ಪಿಸಿಐಇ 3.0. ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಕಾರ್ಡ್‌ನ 8 ಜಿಬಿ ಮೆಮೊರಿ ತುಂಬುವವರೆಗೆ ಇದು ಗೊತ್ತೇ ಆಗುವುದಿಲ್ಲ. ತುಂಬಿತೆಂದರೆ ಉಳಿದ ಟೆಕ್ಸ್ಚರ್‌ಗಳು ರ್‍ಯಾಮ್‌ನಿಂದ ಈ ಸಣ್ಣ ಓಣಿಯಲ್ಲೇ ಬರಬೇಕು, ಆಗ ಗೇಮ್ ತಡವರಿಸುತ್ತದೆ. ಟೆಕ್ಸ್ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ.

ಇನ್ನು ನೀವೇ ಅಳೆಯುವ ಕ್ರಮ. ಈಗಿನ 1060ಯಲ್ಲೇ ಶುರು ಮಾಡಿ, ಹೋಲಿಸಲು ಬುಡ ಬೇಕಲ್ಲ. ವಿ-ಸಿಂಕ್ (ಫ್ರೇಮ್ ವೇಗವನ್ನು ಮಾನಿಟರ್ ವೇಗಕ್ಕೆ ಕಟ್ಟುವ ಸೆಟ್ಟಿಂಗ್), ಫ್ರೇಮ್ ಮಿತಿ ಎರಡನ್ನೂ ತೆಗೆಯಿರಿ. ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್) ಬಳಕೆ, ಉಷ್ಣತೆ, ಕ್ಲಾಕ್ ಪರದೆ ಮೇಲೆ ಬರುವಂತೆ ಇಡಿ, ಫ್ರೇಮ್ ಸಮಯ ದಾಖಲಿಸಲು ಕ್ಯಾಪ್‌ಫ್ರೇಮ್‌ಎಕ್ಸ್ ಸಾಕು. ಗೇಮ್‌ನ ಒಂದೇ ಜಾಗದಲ್ಲಿ, ಒಂದೇ ದಾರಿಯಲ್ಲಿ 60 ಸೆಕೆಂಡ್ ನಾಲ್ಕು ಸಲ ಓಡಿಸಿ. ಮೊದಲ ಓಟದಲ್ಲಿ ಶೇಡರ್ (ದೃಶ್ಯ ಬಿಡಿಸುವ ಸಣ್ಣ ಪ್ರೋಗ್ರಾಂ) ಕಂಪೈಲ್ ಆಗುತ್ತಿರುತ್ತದೆ, ಅದನ್ನು ಬಿಟ್ಟುಬಿಡಿ. ಉಳಿದ ಮೂರರಲ್ಲಿ ನಡುವಿನದನ್ನು ಬರೆದಿಡಿ. ಸರಾಸರಿ ಎಫ್‌ಪಿಎಸ್ ಜೊತೆ 1 ಪರ್ಸೆಂಟ್ ಲೋ (ತೀರಾ ನಿಧಾನವಾದ 1 ಪರ್ಸೆಂಟ್ ಫ್ರೇಮ್‌ಗಳ ವೇಗ) ಕೂಡ ಬರೆಯಿರಿ. ಸರಾಸರಿ 80 ಇದ್ದರೂ ನಡುನಡುವೆ ಒಂದೊಂದು ಫ್ರೇಮ್ 50 ಮಿಲಿಸೆಕೆಂಡ್ ತಗೊಂಡರೆ ಕಣ್ಣಿಗೆ ಕಾಣುವುದು ಆ ತಡೆಯೇ. ಹೊಸ ಕಾರ್ಡ್‌ನ ಫ್ರೇಮ್ ಜನರೇಶನ್ ಹಾಕಿ ತೆಗೆದ ಸಂಖ್ಯೆಯನ್ನು ಹಳೆಯದರ ಪಕ್ಕ ಇಡಬೇಡಿ. ಅದು ನಡುವೆ ಫ್ರೇಮ್ ತುಂಬುತ್ತದೆಯೇ ಹೊರತು ಮೌಸ್‌ಗೆ ಬೇಗ ಓಗೊಡುವುದಿಲ್ಲ.

ಜಿಪಿಯು ಬಳಕೆ 95 ಪರ್ಸೆಂಟ್ ಮೇಲಿದ್ದರೆ ನೀವು ಅಳೆಯುತ್ತಿರುವುದು ಕಾರ್ಡನ್ನು. 60-70ರಲ್ಲಿ ಆಡುತ್ತಿದ್ದರೆ ಪ್ರೊಸೆಸರ್ ಅನ್ನು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥ ಗೇಮ್‌ಗಳನ್ನು 1080ಪಿಯಲ್ಲಿ ಆಡಿದರೆ ನಿಮ್ಮ ಪಿಸಿಯಲ್ಲಿ ಎರಡೂ ಕಾರ್ಡ್ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸಬಹುದು. ಇದಕ್ಕಿಂತ ದೊಡ್ಡ ಕಾರ್ಡ್ ಹಾಕುವುದು ಮೂಗಿಗಿಂತ ಮೂಗುತಿ ಭಾರ ಮಾಡಿದಂತೆ. ರ್‍ಯಾಮ್ ಒಂದೇ ಸ್ಟಿಕ್ ಇದೆಯೇ ನೋಡಿ. ಜೋಡಿಸಿ ಕೊಟ್ಟ ಪಿಸಿಗಳಲ್ಲಿ ಇದು ತೀರಾ ಸಾಮಾನ್ಯ, ಎರಡನೇ ಸ್ಟಿಕ್ ಹಾಕಿದರೆ 1 ಪರ್ಸೆಂಟ್ ಲೋ ಎದ್ದು ಕಾಣುವಂತೆ ಏರುತ್ತದೆ.

ಈಗ ಬಿಸಿಲಿನ ಮಾತು. 1080 ಟಿಐ 250 ವ್ಯಾಟ್ ಎಳೆಯುತ್ತದೆ, 4060 115. ಕೋಣೆಯ ಉಷ್ಣತೆ 15 ಡಿಗ್ರಿ ಏರಿದರೆ ಫ್ಯಾನ್ ವೇಗ ಹಾಗೇ ಇರುವಾಗ ಚಿಪ್ ಕೂಡ ಸುಮಾರು ಅಷ್ಟೇ ಏರುತ್ತದೆ. ಡಿಸೆಂಬರ್‌ನಲ್ಲಿ 70ರಲ್ಲಿ ನಿಂತ ಹಳೇ ಕಾರ್ಡ್ ಏಪ್ರಿಲ್ ಮಧ್ಯಾಹ್ನ 84ರ ಮಿತಿಗೆ ಬಡಿದು ಕ್ಲಾಕ್ ಇಳಿಸತೊಡಗುತ್ತದೆ, ಹೀಟ್‌ಸಿಂಕ್‌ನಲ್ಲಿ ಕರಿಮಣ್ಣಿನ ಧೂಳು ಕಟ್ಟಿದ್ದರೆ ಇನ್ನೂ ಬೇಗ. ಎರಡು ಕಾರ್ಡ್‌ಗಳನ್ನು ಬೇರೆ ಬೇರೆ ತಿಂಗಳಲ್ಲಿ ಅಳೆದು ಹೋಲಿಸಬಾರದು ಎನ್ನುವುದು ಇದಕ್ಕೇ. ದಿನಕ್ಕೆ 4 ತಾಸು ಆಡಿದರೆ 135 ವ್ಯಾಟ್ ವ್ಯತ್ಯಾಸ ತಿಂಗಳಿಗೆ 16 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಲೆಕ್ಕವಲ್ಲ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಡ್ರೈವರ್ ವಿಷಯ ಚಿಕ್ಕದು, ಆದರೆ ನಿರ್ಣಾಯಕ. 1060, 1080 ಟಿಐ ಸೇರಿದ 10 ಸರಣಿಗೆ ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರ್‌ಗೆ ಮುಗಿಯಿತು ಎಂದು ಎನ್‌ವಿಡಿಯಾ ಪ್ರಕಟಿಸಿದೆ. 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಡೂಮ್: ದ ಡಾರ್ಕ್ ಏಜಸ್‌ನಂಥ ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕಿನ ಹಾದಿ ಲೆಕ್ಕ ಹಾಕುವ) ಹಾರ್ಡ್‌ವೇರ್ ಇಲ್ಲದ 1080 ಟಿಐನಂಥ ಕಾರ್ಡ್‌ಗೆ ಬಾಗಿಲನ್ನೇ ಮುಚ್ಚಿವೆ.

ಇಷ್ಟಾದರೂ 1080 ಟಿಐ ತೀರಾ ಅಗ್ಗಕ್ಕೆ, ಹೊಸದರ ಮೂರನೇ ಒಂದು ಭಾಗದೊಳಗೆ ಸಿಕ್ಕರೆ ಬೇಡ ಅನ್ನಲಾರೆ, ಹಳೇ ಗೇಮ್‌ಗಳಿಗೆ ಅದು ಈಗಲೂ ಗಟ್ಟಿ ಕಾರ್ಡ್. ಆಗ ಒಳ್ಳೆಯ 600 ವ್ಯಾಟ್ ಪವರ್ ಸಪ್ಲೈ, ಒಂದು 8 ಪಿನ್, ಒಂದು 6 ಪಿನ್ ಕೇಬಲ್ ಇರಬೇಕು. ಮೊಲೆಕ್ಸ್ (ಹಳೇ 4 ಪಿನ್) ಅಡಾಪ್ಟರ್ ಹಾಕಿ ಓಡಿಸಬೇಡಿ, ಕನೆಕ್ಟರ್ ಕರಗಬಹುದು. ದುಡ್ಡು ಕೊಡುವ ಮೊದಲು ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಜೆಡ್ ತೆರೆದು 3584 ಶೇಡರ್ (ಅಲ್ಲಿ ಕೋರ್‌ಗೆ ಇಟ್ಟ ಹೆಸರು), 352 ಬಿಟ್, 11264 ಎಂಬಿ ಮೂರೂ ಇವೆಯೇ ನೋಡಿ. ಆಮೇಲೆ ಮಧ್ಯಾಹ್ನದ ಹೊತ್ತಿನಲ್ಲಿ, ಕೇಸ್ ಮುಚ್ಚಿ, ಅರ್ಧ ತಾಸು ಪೂರ್ತಿ ಲೋಡ್ ಕೊಡಿ. ಕೆಡಲು ಶುರುವಾದ ಮೆಮೊರಿ ಚಿಪ್ ತಣ್ಣಗಿದ್ದಾಗ ಸುಮ್ಮನಿರುತ್ತದೆ, ಕಾದ ಮೇಲೆಯೇ ಪರದೆಯಲ್ಲಿ ಬಣ್ಣದ ಚುಕ್ಕೆ, ಚೌಕ ಮೂಡಿಸುತ್ತದೆ. ಐದು ನಿಮಿಷ ಓಡಿಸಿ ತೋರಿಸಿ ‘ಸಾಕಲ್ರೀ’ ಅಂದರೆ ಒಪ್ಪಬೇಡಿ.