ಬಿಆರ್‌ಸಿಎ ಟೆಸ್ಟ್ ಫಾರಂ: ಸಹಿ ಹಾಕಿದರೆ ಅಮ್ಮನ ಜೀನ್ ಪೇಟೆಂಟ್ ಆಗುತ್ತಾ?

ಅಮ್ಮನಿಗೆ ಬಿಆರ್‌ಸಿಎ ಟೆಸ್ಟ್ (ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್ ದೋಷ ಇದೆಯಾ ಎಂದು ನೋಡುವ ಪರೀಕ್ಷೆ) ಮಾಡಿಸಲು ದಾವಣಗೆರೆಯಲ್ಲಿ ರಕ್ತ ಕೊಡಬೇಕು, ಮಿರಿಯಡ್ ಕಂಪನಿಯ ಕಥೆ ಓದಿ ಫಾರಂಗೆ ಸಹಿ ಹಾಕಲು ಭಯ ಅಂತ ಕೇಳಿದ್ದೀರಿ. ಜೀನ್ ಪೇಟೆಂಟ್ ಆಗಲ್ಲ. ನಿಮ್ಮನ್ನು ಹೆದರಿಸಿರುವುದು ಬಹುಶಃ "ಉಳಿದ ಸ್ಯಾಂಪಲ್ ಸಂಶೋಧನೆಗೆ, ವಾಣಿಜ್ಯ ಬಳಕೆಗೆ" ಅನ್ನುವ ಸಾಲು. ಅದು ಜೀನ್ ಬರೆದುಕೊಡುವ ಸಾಲಲ್ಲ. ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ.

ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಸಿ) ಪ್ರಕಾರ, ಪ್ರಕೃತಿಯಲ್ಲಿ ಮೊದಲೇ ಇರುವುದನ್ನು ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ಸಿಗುವುದಿಲ್ಲ. ನೀವು ಓದಿದ ಮಿರಿಯಡ್ ಕಂಪನಿಯ ಕಥೆ ಅಮೆರಿಕದ್ದು. ಬಿಆರ್‌ಸಿಎ ಜೀನ್‌ಗಳ ಪೇಟೆಂಟ್ ಹಿಡಿದುಕೊಂಡು ಬೇರೆ ಲ್ಯಾಬ್‌ಗಳು ಟೆಸ್ಟ್ ಮಾಡದಂತೆ ಅದು ತಡೆದಿತ್ತು. ಸ್ತನ ಕ್ಯಾನ್ಸರ್ ಭಯದಲ್ಲಿದ್ದ ಹೆಂಗಸರಿಗೆ ಇನ್ನೊಂದು ಲ್ಯಾಬ್‌ನಲ್ಲಿ ಖಚಿತ ಮಾಡಿಕೊಳ್ಳುವ ದಾರಿಯೇ ಇರಲಿಲ್ಲ. ನೆನೆದರೆ ಈಗಲೂ ಸಂಕಟ ಆಗುತ್ತದೆ. 2013ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸಹಜ ಡಿಎನ್‌ಎಯನ್ನು ದೇಹದಿಂದ ಬೇರ್ಪಡಿಸಿದರೂ ಅದಕ್ಕೆ ಪೇಟೆಂಟ್ ಇಲ್ಲ ಎಂದಿತು. ಲ್ಯಾಬ್‌ನಲ್ಲಿ ತಯಾರಿಸುವ ಡಿಎನ್‌ಎ ನಕಲಿಗೆ (ಸಿಡಿಎನ್‌ಎ) ಮಾತ್ರ ಅವಕಾಶ ಉಳಿಸಿತು.

ದಾವಣಗೆರೆಯಲ್ಲೇ ರಕ್ತ ಕೊಡುವ ಮೊದಲು ಫಾರಂ ಪೂರ್ತಿ ಓದಿ. ಟೆಸ್ಟ್‌ಗೆ ಒಪ್ಪಿಗೆ, ಸಂಶೋಧನೆಗೆ ಒಪ್ಪಿಗೆ ಬೇರೆ ಬೇರೆ ಇದೆಯಾ ನೋಡಿ. ನಮ್ಮ ಅಕ್ಕನ ಟೆಸ್ಟ್‌ನಲ್ಲಿ ಎರಡನೆಯದಕ್ಕೆ 'ಇಲ್ಲ' ಅಂತ ಬರೆದೆವು, ರಿಪೋರ್ಟ್ ಬಂತು. ಒಂದೇ ಸಹಿ ಇದ್ದರೆ ಆ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಲ್ಯಾಬ್ ಇದನ್ನು ಒಪ್ಪುತ್ತದೋ ಇಲ್ಲವೋ ಫಾರಂ ನೋಡದೆ ಹೇಳಲಾರೆ. ತಕರಾರು ಮಾಡಿದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ತೋರಿಸಿ. ಸಂಶೋಧನೆಗೆ ಸೇರುವುದು ಅಮ್ಮನ ಇಷ್ಟ, ಒಪ್ಪಿಗೆ ವಾಪಸ್ ಪಡೆಯಲೂಬಹುದು.

ಸಹಿ ಮಾತ್ರ ಅಮ್ಮನೇ ಹಾಕಲಿ, ನೀವು ಓದಿ ಹೇಳಿದ ಮೇಲೆ.