ಗರ್ಭನಿರೋಧಕ ಮಾತ್ರೆ ಮತ್ತು ಪಾರ್ಶ್ವವಾಯು: ಪರಿಹಾರ ಕೇಳುವುದು ಯಾರ ಮೇಲೆ, ಎಲ್ಲಿ?

ಪ್ರಶ್ನೆ: ನನಗೆ 34 ವರ್ಷ, ಊರು ದಾವಣಗೆರೆ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದೆ. ಖಾಸಗಿ ಕ್ಲಿನಿಕ್ಕಿನ ವೈದ್ಯರು ಬರೆದುಕೊಟ್ಟ ಗರ್ಭನಿರೋಧಕ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದಾಗ ಐದನೆಯ ತಿಂಗಳಲ್ಲಿ ಪಾರ್ಶ್ವವಾಯು ಆಗಿ ಬಲಗೈ ಸ್ವಾಧೀನ ತಪ್ಪಿತು. ಕಾಲೇಜು ದಿನಗಳಿಂದಲೂ ನನಗೆ ಅರೆತಲೆನೋವು ಇದೆ. ನೋವು ಶುರುವಾಗುವ ಮುನ್ನ ಕಣ್ಣೆದುರು ಮಿಂಚಿನಂಥ ಅಂಕುಡೊಂಕು ಗೆರೆಗಳು ಕಾಣುತ್ತವೆ. ಮಾತ್ರೆ ಬರೆಯುವಾಗ ಇದನ್ನು ಯಾರೂ ಕೇಳಲಿಲ್ಲ. ಇಂಥವರಿಗೆ ಆ ಮಾತ್ರೆ ಕೊಡಲೇಬಾರದಿತ್ತು ಎಂದು ನರರೋಗ ತಜ್ಞರು ಈಗ ಹೇಳುತ್ತಾರೆ. ಇದೆಲ್ಲ ಆಗಿ ಒಂದು ವರ್ಷ ಎರಡು ತಿಂಗಳಾಯಿತು. ಅಮೆರಿಕದಲ್ಲಿ ಇಂಥ ಮಾತ್ರೆಯ ಕಂಪನಿ ಸಾವಿರಾರು ಮಹಿಳೆಯರಿಗೆ ಹಣ ಕೊಟ್ಟಿದೆ ಎಂದು ಅಲ್ಲಿರುವ ತಂಗಿ ಹೇಳುತ್ತಾಳೆ. ನನಗೆ ಯಾವ ದಾರಿ ಇದೆ?

ಉತ್ತರ: ನಿಮಗೆ ದಾರಿ ಇದೆ, ಆದರೆ ಕಾಲಮಿತಿಯೂ ಇದೆ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದಾದರೂ ಅದು ಗ್ರಾಹಕರ ಆಯೋಗದ ವಿವೇಚನೆಗೆ ಬಿಟ್ಟದ್ದು. ಅದನ್ನು ನೆಚ್ಚಿ ಕೂರಬೇಡಿ.

ಔಷಧದಿಂದ ಅಡ್ಡಪರಿಣಾಮ ಆಯಿತು ಎಂಬುದೊಂದೇ ಪರಿಹಾರಕ್ಕೆ ಸಾಲದು. ಕೇಳಬೇಕಾದುದನ್ನು ಯಾರು ಕೇಳಲಿಲ್ಲ, ಹೇಳಬೇಕಾದುದನ್ನು ಯಾರು ಹೇಳಲಿಲ್ಲ ಎಂಬುದರ ಮೇಲೆ ನಿಮ್ಮ ಪ್ರಕರಣ ನಿಲ್ಲುತ್ತದೆ. ಕಣ್ಣೆದುರು ಗೆರೆ, ಬೆಳಕು ಕಾಣಿಸಿ ಬರುವ ಅರೆತಲೆನೋವು ಇರುವವರನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು, ವಯಸ್ಸು ಎಷ್ಟೇ ಇರಲಿ, ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇರುವ ಸಂಯುಕ್ತ ಮಾತ್ರೆಗಳ ಮಟ್ಟಿಗೆ 4ನೆಯ ವರ್ಗದಲ್ಲಿ, ಅಂದರೆ ಬಳಸಲೇಬಾರದವರ ಗುಂಪಿನಲ್ಲಿ, ಇಟ್ಟಿದೆ. ಆದ್ದರಿಂದ ನಿಮ್ಮ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಈಥಿನೈಲ್ ಈಸ್ಟ್ರಡಯಾಲ್ (ಇಂಥ ಮಾತ್ರೆಗಳಲ್ಲಿ ಬಳಸುವ ಈಸ್ಟ್ರೊಜೆನ್) ಎಂದು ಇದೆಯೇ ಎಂಬುದನ್ನು ಮೊದಲು ನೋಡಿ. ಇದ್ದರೆ ನಿಮ್ಮ ವಾದಕ್ಕೆ ಗಟ್ಟಿಯಾದ ಆಧಾರ ಸಿಕ್ಕಂತೆ. ಇಲ್ಲದಿದ್ದರೆ ವಾದ ಬಹಳ ದುರ್ಬಲವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಮುಖ್ಯ ದೂರು ಮಾತ್ರೆ ಬರೆದ ವೈದ್ಯರ ಮೇಲೆ ಇರಬೇಕು. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲೇ ಹೇಳಿದೆ. ಚಿಕಿತ್ಸೆಯ ಗಣನೀಯ ಅಪಾಯಗಳನ್ನೂ ಲಭ್ಯವಿರುವ ಪರ್ಯಾಯಗಳನ್ನೂ ರೋಗಿಗೆ ತಿಳಿಸಬೇಕೆಂದು 2008ರ ಸಮೀರಾ ಕೊಹ್ಲಿ ತೀರ್ಪು ವಿಧಿಸುತ್ತದೆ. ಅದೇ ತೀರ್ಪು, ತೀರಾ ವಿರಳವಾದ ಅಪಾಯಗಳನ್ನು ವಿವರಿಸಬೇಕಾಗಿಲ್ಲ ಎಂದೂ ಹೇಳಿರುವುದರಿಂದ, ಎದುರುಪಕ್ಷದವರು ಪಾರ್ಶ್ವವಾಯು ಲಕ್ಷಕ್ಕೆ ಕೆಲವರಿಗಷ್ಟೇ ಆಗುವಂಥದ್ದು ಎಂದು ವಾದಿಸುವುದು ಖಂಡಿತ. ಉಳಿದವರಿಗೆ ಅದು ವಿರಳವಾಗಿರಬಹುದು, ಆದರೆ ಈ ತಲೆನೋವಿನ ಹಿನ್ನೆಲೆಯಿದ್ದ ನಿಮಗೆ ಆ ಮಾತ್ರೆಯೇ ನಿಷಿದ್ಧವಾಗಿತ್ತು, ಒಂದೇ ಒಂದು ಪ್ರಶ್ನೆಯಿಂದ ಅದು ತಿಳಿಯುತ್ತಿತ್ತು, ಕಾಪರ್-ಟಿಯಂಥ ಬೇರೆ ವಿಧಾನ ಕೈಯಳತೆಯಲ್ಲೇ ಇತ್ತು ಎಂಬುದು ಅದಕ್ಕೆ ನಿಮ್ಮ ಉತ್ತರ. ನರರೋಗ ತಜ್ಞರು ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ. ಪ್ರತಿಯೊಂದು ಪ್ರಕರಣದಲ್ಲೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದರೂ, ಮಾತ್ರೆಗೂ ಪಾರ್ಶ್ವವಾಯುವಿಗೂ ಇರುವ ಸಂಬಂಧವನ್ನು ಸ್ಥಾಪಿಸಲು ಆ ಒಂದು ಪುಟ ಬಹಳ ನೆರವಾಗುತ್ತದೆ.

ಕಂಪನಿಯ ಮೇಲಿನ ದಾರಿ ಕಿರಿದು. ಸಾಕಷ್ಟು ಎಚ್ಚರಿಕೆ ನೀಡದ ತಯಾರಕರನ್ನು 2019ರ ಕಾಯ್ದೆಯ 84ನೆಯ ಸೆಕ್ಷನ್ ಹೊಣೆಯಾಗಿಸುತ್ತದೆ, ನಿಜ. ಆದರೆ ತಜ್ಞರ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ಉತ್ಪನ್ನದ ವಿಷಯದಲ್ಲಿ ಆ ತಜ್ಞರಿಗೆ ಎಚ್ಚರಿಕೆ ತಲುಪಿಸಲು ತಯಾರಕರು ಸೂಕ್ತ ಕ್ರಮ ಕೈಗೊಂಡಿದ್ದರೆ 87ನೆಯ ಸೆಕ್ಷನ್ ಅವರನ್ನು ಪಾರು ಮಾಡುತ್ತದೆ. ಪೊಟ್ಟಣದೊಳಗಿನ ಮಾಹಿತಿ ಪತ್ರದಲ್ಲಿ ಅರೆತಲೆನೋವಿನ ಎಚ್ಚರಿಕೆ ಇದ್ದರೆ ಕಂಪನಿ ಬಹುತೇಕ ತಪ್ಪಿಸಿಕೊಳ್ಳುತ್ತದೆ, ಆದರೆ ಅದೇ ಕಾಗದ ವೈದ್ಯರ ವಿರುದ್ಧ ನಿಮ್ಮ ಸಾಕ್ಷಿಯಾಗುತ್ತದೆ.

ನಿಮ್ಮ ತಂಗಿ ಹೇಳಿದ್ದು ಯಾಸ್ಮಿನ್, ಯಾಜ್ ಮಾತ್ರೆಗಳ ಪ್ರಕರಣವಿರಬೇಕು. ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ದೂರುಗಳಿಗಾಗಿ ಬೇಯರ್ ಕಂಪನಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 100 ಕೋಟಿ ಡಾಲರಿಗೂ ಹೆಚ್ಚು ಹಣಕ್ಕೆ ರಾಜಿ ಮಾಡಿಕೊಂಡಿತು. ಇವುಗಳಂತೆ ಡ್ರೊಸ್ಪಿರಿನೋನ್ ಎಂಬ ಹಾರ್ಮೋನ್ ಇರುವ ಮಾತ್ರೆಗಳ ಎಚ್ಚರಿಕೆಯನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಬಿಗಿಗೊಳಿಸಿತು. ಆ ರಾಜಿಗಳು ಅಲ್ಲಿನ ದಾವೆಗಳಿಗೆ ಸಂಬಂಧಿಸಿದವು. ಇಲ್ಲಿ ಕೊಂಡು ಇಲ್ಲಿ ನುಂಗಿದ ಮಾತ್ರೆಗೆ ನಿಮ್ಮ ಆಯೋಗವೇ ಸರಿಯಾದ ಸ್ಥಳ.

ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೂ ಮಾತ್ರೆಗೂ ನೀವು ಕೊಟ್ಟ ಹಣದ ಮೇಲೆ ನಿರ್ಧಾರವಾಗುತ್ತದೆ. ಆ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಚಿಕಿತ್ಸೆಯ ವೆಚ್ಚದ ಜೊತೆಗೆ ನಿಂತುಹೋದ ಹೊಲಿಗೆಯ ಆದಾಯ, ಮುಂದಿನ ಫಿಸಿಯೋಥೆರಪಿ, ಮಾನಸಿಕ ಯಾತನೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿ. ಕೈ ದುಡಿಮೆಯೇ ಬದುಕಾದವರಿಗೆ ಬಲಗೈ ಹೋಗುವುದೆಂದರೆ ಏನೆಂದು ಆಯೋಗಕ್ಕೆ ಅರಿವಾಗಬೇಕಾದರೆ ಹೊಲಿಗೆ ಕೊಟ್ಟವರ ಹೇಳಿಕೆಗಳನ್ನೂ ಹಳೆಯ ರಸೀತಿಗಳನ್ನೂ ಹಾಜರುಪಡಿಸಬೇಕು.

ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಅಲ್ಲಿ ಶಿಸ್ತುಕ್ರಮ ಆಗಬಹುದೇ ಹೊರತು ಹಣ ಸಿಗುವುದಿಲ್ಲ. ಪೊಲೀಸ್ ದೂರನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಅಪರಾಧವೆನಿಸಲು ನಿರ್ಲಕ್ಷ್ಯ ಘೋರ ಸ್ವರೂಪದ್ದಾಗಿರಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭನಿರೋಧಕ ಪಡೆದು ತೊಂದರೆಗೊಳಗಾದವರು ಗ್ರಾಹಕರೆನಿಸುವುದಿಲ್ಲವಾದ್ದರಿಂದ ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ಈ ವಾರವೇ ಮಾಡಬೇಕಾದ ಕೆಲಸವೆಂದರೆ ಕ್ಲಿನಿಕ್ಕಿಗೂ ಆಸ್ಪತ್ರೆಗೂ ದಾಖಲೆಗಳ ಪ್ರತಿ ಕೋರಿ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ಕೇಳಿದ 72 ಗಂಟೆಗಳೊಳಗೆ ಅವನ್ನು ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಗಳಲ್ಲಿದೆ. ಔಷಧ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ಉಳಿದ ಸ್ಟ್ರಿಪ್ಪು, ಅರೆತಲೆನೋವಿಗೆ ಹಿಂದೆ ತೋರಿಸಿಕೊಂಡ ಚೀಟಿಗಳನ್ನು ಒಂದೆಡೆ ಇಡಿ. ಅಡ್ಡಪರಿಣಾಮವನ್ನು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ವರದಿ ಮಾಡಿ. ಪರಿಹಾರ ಸಿಗದಿದ್ದರೂ ದಾಖಲೆ ಉಳಿಯುತ್ತದೆ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಈ ದಾಖಲೆಗಳೊಂದಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಡಿ.